ಪರದೆಯ ಹಿಂದಿನ ಕುರ್ಚಿ

ಅವಳಿಗೆ ಸೂಜಿ ಎಂದು ಹೆಸರಿಟ್ಟವಳು ಅವಳ ಚಿಕ್ಕಮ್ಮ. ನಿಜವಾದ ಹೆಸರು ಕಾಲೇಜಿನ ಹಾಜರಿ ಪುಸ್ತಕದಲ್ಲಿ ಚೆಂದವಾಗಿ ಕೂತಿದೆ, ಅದರ ಗೊಡವೆ ನಮಗೆ ಬೇಡ. ಮೈ ನೋಡಿದರೆ ಕಡ್ಡಿ, ಬಾಯಿ ಬಿಟ್ಟರೆ ಚುಚ್ಚು. ಅಂಥವಳನ್ನು ಇನ್ನೇನೆಂದು ಕರೆಯಬೇಕು ಹೇಳಿ. ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದಳು. ಮನೆ ಅಂದರೆ ಮಹಡಿಯ ಮೇಲೊಂದು ಕೋಣೆ, ಅದರ ಮೂಲೆಯಲ್ಲೇ ಒಲೆ. ಕೆಳಗೆ ಚಿಕ್ಕಮ್ಮನ ಬ್ಯೂಟಿ ಪಾರ್ಲರ್. ಊಟ, ವಸತಿ, ಫೀಸು ಎಲ್ಲ ಚಿಕ್ಕಮ್ಮನ ಜವಾಬ್ದಾರಿ. ಅದಕ್ಕೆ ಬದಲಾಗಿ ಸೂಜಿ ಬೆಳಿಗ್ಗೆ ಅಂಗಡಿ ತೆರೆದು, ಗುಡಿಸಿ ಒರೆಸಿ, ಮೊದಲ ಗಿರಾಕಿಗಳನ್ನು ಮುಗಿಸಿ ಕಾಲೇಜಿಗೆ ಓಡಬೇಕು. ಸಂಜೆ ಬಂದು ಮತ್ತೆ ದಾರ ಹಿಡಿಯಬೇಕು.

ದಾರ ಅಂದರೆ ಹುಬ್ಬು ತೀಡುವ ದಾರ. ಅದರ ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ತುದಿ ಬೆರಳಿನಲ್ಲಿ, ನಡುವೆ ಯಾರದೋ ಹುಬ್ಬು. ಸೂಜಿಯ ಓದೆಲ್ಲ ಆ ಹೊತ್ತಿನಲ್ಲೇ ಆಗಬೇಕಿತ್ತು. ಕನ್ನಡಿಯ ಅಂಚಿಗೆ ಕೆಮಿಸ್ಟ್ರಿಯ ಸೂತ್ರಗಳನ್ನು ಬರೆದ ಚೀಟಿ ಅಂಟಿಸಿಕೊಂಡು, ದಾರ ಎಳೆಯುತ್ತ ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಿದ್ದಳು. ಒಬ್ಬ ಹೆಂಗಸು ಆ ಚೀಟಿಯನ್ನು ಕಷ್ಟಪಟ್ಟು ಓದಿ, "ಇದು ಯಾವ ಫೇಶಿಯಲ್ಲಮ್ಮ? ನಂಗೂ ಇದನ್ನೇ ಮಾಡು" ಅಂದಿದ್ದಳು. "ಬಾಯಲ್ಲಿ ದಾರ ಇರೋಷ್ಟು ಹೊತ್ತು ನಮ್ಮ ಹುಡುಗಿ ಬಂಗಾರ. ದಾರ ತೆಗೆದ್ರೆ ದೇವರೇ ಗತಿ" ಎಂದು ಚಿಕ್ಕಮ್ಮ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಕಾಲೇಜಿನಲ್ಲಿ ಮಾತ್ರ ಸೂಜಿ ಈ ಅಂಗಡಿಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಉಗುರಿನ ಸಂದಿಯ ಕಪ್ಪು ಡೈ ನೋಡಿ ಯಾರಾದರೂ ಕೇಳಿದರೆ "ಇಂಕು" ಅನ್ನುತ್ತಿದ್ದಳು. ಚಿಕ್ಕಮ್ಮ ಏನು ಮಾಡ್ತಾರೆ ಅಂದರೆ "ಬಿಸಿನೆಸ್ಸು" ಅನ್ನುತ್ತಿದ್ದಳು. ದುಡಿದು ಓದುವುದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಕೇಳುವುದಕ್ಕೇನು, ಕಾಸೇ ಖರ್ಚೇ! ದಿನಾ ಬೆಳಿಗ್ಗೆ ಕಂಡವರ ಕೂದಲು ಗುಡಿಸಿ, ಕೈ ತೊಳೆದು, ಅದೇ ಕೈಯಲ್ಲಿ ಪುಸ್ತಕ ಹಿಡಿದು, ಇಸ್ತ್ರಿ ಬಟ್ಟೆಯವರ ಪಕ್ಕದಲ್ಲಿ ಕೂತು ನೋಡಿ. ಆಮೇಲೆ ಮಾತಾಡೋಣ.

ಪಾರ್ಲರಿನಲ್ಲಿ ಮುಂದೆ ಎರಡು ಕುರ್ಚಿ. ಹಿಂದೆ ಒಂದು ಹಸಿರು ಪರದೆ, ಅದರ ಹಿಂದೆ ಇನ್ನೊಂದು ಕುರ್ಚಿ. ಅಲ್ಲಿ ಕೂರುವವರು ಬೇರೆಯವರ ಕಣ್ಣಿಗೆ ಬೀಳಬಾರದವರು: ಗಲ್ಲದ ಮೇಲೆ ಕೂದಲು ಬರುವವರು, ಮುಖದ ಕಲೆ ಮುಚ್ಚಿಸಿಕೊಳ್ಳುವವರು. ಪರದೆಯ ಹಿಂದೆ ಕಂಡದ್ದನ್ನು ಪರದೆಯ ಮುಂದೆ ಆಡಬಾರದು. ಇದು ಆ ಕಸುಬಿನ ಮೊದಲ ಪಾಠ. ದಾರ ಹಿಡಿಯುವುದಕ್ಕೂ ಮುಂಚೆ ಚಿಕ್ಕಮ್ಮ ಕಲಿಸಿದ್ದು ಅದನ್ನೇ. ದಾರಿಯಲ್ಲಿ ಆ ಗಿರಾಕಿ ಎದುರು ಬಂದರೂ, ಅವರು ಮಾತಾಡಿಸುವ ತನಕ ಗುರುತಿನ ನಗೆಯನ್ನೂ ನಗುವ ಹಾಗಿಲ್ಲ.

ಭಾನುವಾರ ಅಂಗಡಿ ತೆರೆಯುವ ಮೊದಲು ಒಬ್ಬರು ಆ ಕುರ್ಚಿಗೆ ಬರುತ್ತಾರೆಂದು ಸೂಜಿಗೆ ಗೊತ್ತಿತ್ತು. ಯಾರೆಂದು ಗೊತ್ತಿರಲಿಲ್ಲ. ಒಂದು ಭಾನುವಾರ ಚಿಕ್ಕಮ್ಮ ಮಣಿಕಟ್ಟು ಉಳುಕಿಸಿಕೊಂಡು, "ಬಾರೇ ಇಲ್ಲಿ, ಸ್ವಲ್ಪ ಕೈ ಹಾಕು" ಎಂದು ಕರೆದಳು. ಸೂಜಿ ಪರದೆ ಸರಿಸಿದಳು. ಕುರ್ಚಿಯಲ್ಲಿ ಅವಳ ಕೆಮಿಸ್ಟ್ರಿ ಮೇಡಂ ಕೂತಿದ್ದರು. ತಲೆಯ ಮೇಲೆ ಒಂದೆಳೆ ಕೂದಲಿರಲಿಲ್ಲ. ಕ್ಲಾಸಿನಲ್ಲಿ ಎಲ್ಲರೂ ನೋಡುತ್ತಿದ್ದ ಆ ತುಂಬುಗೂದಲು ಪಕ್ಕದ ಮೇಜಿನ ಮೇಲೆ, ಮರದ ತಲೆಯೊಂದರ ಮೇಲಿತ್ತು. ಯಾವುದೋ ಕಾಯಿಲೆಯಲ್ಲಿ ಉದುರಿದ ಕೂದಲು ಮತ್ತೆ ಬರಲೇ ಇಲ್ಲವಂತೆ.

ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಮಾತಾಡಿದವರು ಮೇಡಂ.

"ಓ, ನೀನಾ! ಬಾ ಬಾ. ಕೈ ತಣ್ಣಗಿದ್ರೆ ಉಜ್ಜಿಕೊಂಡು ಬಾಮ್ಮ, ಬೋಳುತಲೆಗೆ ಬೇಗ ಚಳಿಯಾಗುತ್ತೆ."

ಸೂಜಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಕೈ ಉಜ್ಜಿಕೊಂಡಳು. ಚಿಕ್ಕಮ್ಮ ಹೇಳಿಕೊಟ್ಟ ಹಾಗೆ ನೆತ್ತಿಯನ್ನು ಉಗುರುಬೆಚ್ಚನೆ ನೀರಿನಲ್ಲಿ ಒರೆಸಿ, ಒಣಗಿಸಿ, ಎರಡೂ ಬದಿಗೆ ಅಂಟುವ ಟೇಪನ್ನು ಹಣೆಯ ಅಂಚಿಗೆ ಕೂರಿಸಿ, ವಿಗ್ಗನ್ನು ಹಿಂದಿನಿಂದ ಮುಂದಕ್ಕಲ್ಲ, ಮುಂದಿನಿಂದ ಹಿಂದಕ್ಕೆ ಎಳೆದು ಒತ್ತಿದಳು. ಅಷ್ಟು ಹೊತ್ತೂ ಮೇಡಂ ಕಣ್ಣು ಮುಚ್ಚಿಕೊಂಡಿದ್ದರು. ಬರಿದಲೆಯಲ್ಲಿದ್ದಾಗ ಕನ್ನಡಿ ನೋಡುವುದು ಅವರಿಗೆ ಇಷ್ಟವಿರಲಿಲ್ಲ. ಮುಗಿದ ಮೇಲೆ ಕಣ್ಣು ತೆರೆದು, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ, "ಇನ್ಮೇಲೆ ಇವಳೇ ಮಾಡ್ಲಿ. ಬೆರಳು ಹಗುರ ಇದೆ" ಅಂದರು.

ಮರುದಿನ ಸೂಜಿ ಹೆದರಿಕೊಂಡೇ ಕಾಲೇಜಿಗೆ ಹೋದಳು. ಇನ್ನು ತನ್ನ ಬಂಡವಾಳ ಬಯಲು ಎಂದುಕೊಂಡಳು. ಮೇಡಂ ಬಂದರು, ಪಾಠ ಮಾಡಿದರು, ಹೋದರು. ಒಂದು ನೋಟ, ಒಂದು ಮಾತು, ಊಹೂಂ. ವಾರ ಕಳೆದ ಮೇಲೆ ವರಾಂಡದಲ್ಲಿ ನಿಲ್ಲಿಸಿ, "ಬೆಳಗಿನ ಪ್ರಾಕ್ಟಿಕಲ್ಸ್ ನಿನಗೆ ತಪ್ತಾ ಇದೆ ಅಲ್ವಾ? ಶನಿವಾರ ಮಧ್ಯಾಹ್ನ ನಾನು ಲ್ಯಾಬಲ್ಲಿ ಇರ್ತೀನಿ. ಬಾ, ಮಾಡಿ ಮುಗಿಸು" ಅಂದರು. ಯಾಕೆ ತಪ್ಪುತ್ತಿದೆ ಎಂದು ಕೇಳಲಿಲ್ಲ. ಅಂದಿನಿಂದ ಶನಿವಾರ ಮಧ್ಯಾಹ್ನ ಎಲ್ಲರೂ ಮನೆಗೆ ಹೋದ ಮೇಲೆ ಖಾಲಿ ಲ್ಯಾಬಿನಲ್ಲಿ ಇಬ್ಬರೇ. ಸೂಜಿ ಬ್ಯೂರೆಟ್ಟಿನ ಗಾಜುಕೊಳವೆಯಿಂದ ದ್ರಾವಣವನ್ನು ಹನಿ ಹನಿ ಬಿಡುತ್ತಿದ್ದಳು, ಮೇಡಂ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಪೇಪರ್ ತಿದ್ದುತ್ತಿದ್ದರು. ಆ ಪ್ರಾಕ್ಟಿಕಲ್ಸ್ ಮುಗಿಯದಿದ್ದರೆ ಅವಳು ಪರೀಕ್ಷೆಗೇ ಕೂರುವಂತಿರಲಿಲ್ಲ. ಅವಳ ಗುಟ್ಟನ್ನು ಅವರು ಕಾದರು, ಅವಳ ವರ್ಷವನ್ನೂ ಕಾದರು.

ಇನ್ನು ನಮ್ಮ ಹುಡುಗಿ ಮಾಡಿದ್ದನ್ನು ಕೇಳಿ.

ಕ್ಲಾಸಿನಲ್ಲಿ ಒಬ್ಬಳಿದ್ದಳು, ಎಲ್ಲರೂ ಮಹಾರಾಣಿ ಅನ್ನುತ್ತಿದ್ದರು. ಅವಳ ಸುತ್ತ ಸದಾ ಒಂದು ಗುಂಪು. ಅದರಲ್ಲಿ ಕಾಲೇಜಿನ ಆಟದ ತಂಡದ ಕಪ್ತಾನನೂ ಒಬ್ಬ. ಕ್ಯಾಂಟೀನಿನಲ್ಲಿ ಆ ಗುಂಪಿನ ಬೆಂಚಿನ ತುದಿಯಲ್ಲಿ ಅರ್ಧ ಕೂತು ಅರ್ಧ ನಿಂತು ಸೂಜಿ ಟೀ ಕುಡಿಯುತ್ತಿದ್ದಳು. ಪೂರ್ತಿ ಕೂರಲು ಯಾರೂ ಜಾಗ ಬಿಟ್ಟಿರಲಿಲ್ಲ, ಎದ್ದು ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಒಂದು ಸೋಮವಾರ ಮಹಾರಾಣಿ ಅವಳನ್ನು ನೋಡಿದವಳೇ ಕೂಗಿದಳು.

"ನಿನ್ನೆ ನಿನ್ನ ಬಿಸಿನೆಸ್ ನೋಡಿದ್ನಲ್ಲೇ! ಬಾಗಿಲು ತೆಗೆದಿತ್ತು. ಪೊರಕೆ ಬಿಸಿನೆಸ್ಸು!"

ಬೆಂಚಿಗೆ ಬೆಂಚೇ ನಕ್ಕಿತು. ಕಪ್ತಾನ ತನ್ನ ತಲೆ ಬಗ್ಗಿಸಿ ಅವಳ ಮುಂದೆ ಹಿಡಿದು, "ಮೇಡಂ, ನಂದೂ ಗುಡಿಸಿಕೊಡಿ" ಅಂದ. ಇನ್ನೊಬ್ಬಳು ತನ್ನ ಟೀ ಲೋಟದೊಳಗೆ ಇಣುಕಿ, "ಕೂದಲು ಬಿದ್ದಿದೆಯೇನೋ ನೋಡ್ರೋ" ಅಂದಳು. ಸೂಜಿಯ ಮುಖ ಕೆಂಡವಾಯಿತು. ಎದ್ದು ಹೋಗಬಹುದಿತ್ತು. ಹೌದು, ಗುಡಿಸ್ತೀನಿ, ಏನೀಗ ಎಂದು ಕೇಳಬಹುದಿತ್ತು. ಹಾಗೆ ಕೇಳಿದ್ದರೆ ಅಲ್ಲಿ ಅರ್ಧ ಜನರ ಬಾಯಿ ಕಟ್ಟುತ್ತಿತ್ತು, ಉಳಿದವರು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಅವಳಿಗೆ ಆ ನಗು ತನ್ನ ಮೇಲಿಂದ ಇಳಿದರೆ ಸಾಕಾಗಿತ್ತು. ಯಾರ ಮೇಲಾದರೂ ಹತ್ತಲಿ.

"ನಗಿ, ನಗಿ. ನಿಮ್ಮ ಕೆಮಿಸ್ಟ್ರಿ ಮೇಡಂ ತಲೇನೇ ನಮ್ಮ ಅಂಗಡೀಲಿ ತಯಾರಾಗೋದು, ಗೊತ್ತಾ?"

ನಗು ನಿಂತಿತು. "ಅಂದ್ರೆ?" ಅಂದಳು ಮಹಾರಾಣಿ.

ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಡೈ ಹಾಕಿಸ್ತಾರೆ ಎಂದು ತೇಲಿಸಿಬಿಟ್ಟಿದ್ದರೆ ಮುಗಿಯುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕ ಮಕ್ಕಳಿಗೂ ಹೇಳಿಕೊಡುತ್ತೇವೆ. ಆದರೆ ಆ ಹೊತ್ತಿಗೆ ಎಲ್ಲರೂ ಅವಳ ಕಡೆ ತಿರುಗಿ ಕೂತಿದ್ದರು. ಕಾಲೇಜಿಗೆ ಸೇರಿದ ಮೇಲೆ ಇಷ್ಟು ಕಣ್ಣುಗಳು ಅವಳನ್ನು ನೋಡಿದ್ದು ಅದೇ ಮೊದಲು.

"ಅಂದ್ರೆ ಅದು ವಿಗ್ಗು. ಒಂದೇ ಒಂದು ಕೂದಲಿಲ್ಲ ಅವರಿಗೆ. ನಾನೇ ಅಂಟ್ಸೋದು."

ಹೇಳಿದ್ದು ಸಾಲದು ಎಂಬಂತೆ ಮಾಡಿಯೂ ತೋರಿಸಿದಳು ಪುಣ್ಯಾತ್ಗಿತ್ತಿ. ಕರವಸ್ತ್ರವನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಮೇಡಂ ಪರದೆಯ ಹಿಂದೆ ಕೂರುವಂತೆಯೇ ಕೂತಳು. ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ಮಹಾರಾಣಿ ಕಣ್ಣೊರೆಸಿಕೊಳ್ಳುತ್ತ ಪಕ್ಕಕ್ಕೆ ಸರಿದು, "ಬಾರೇ, ಸರಿಯಾಗಿ ಕೂತ್ಕೋ" ಅಂದಳು. ಕಪ್ತಾನ ಇನ್ನೊಂದು ಟೀ ಹೇಳಿದ. ಸೂಜಿ ಬೆಂಚಿನ ಮೇಲೆ ಪೂರ್ತಿ ಕೂತಳು. ಟೀ ಬಹಳ ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ.

ಸಂಜೆ ಅಂಗಡಿಯ ಮೆಟ್ಟಿಲು ಹತ್ತುವಾಗ ಆ ರುಚಿ ಇಳಿಯಿತು. ಪರದೆ ಕಂಡಿತು. ಏನು ಮಹಾ, ನಕ್ಕರು, ಮರೆತುಬಿಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಆ ಸಂಜೆ ಒಬ್ಬ ಗಿರಾಕಿಯ ಹುಬ್ಬು ಒಂದು ಕಡೆ ತೆಳ್ಳಗಾಗಿ ಚಿಕ್ಕಮ್ಮನಿಂದ ಬೈಸಿಕೊಂಡಳು.

ಮರೆಯುವವರು ಯಾರು! ಅವರ ಕ್ಲಾಸುರೂಮಿನ ಸೂರಿನ ಫ್ಯಾನು ಕೆಟ್ಟು, ಮೂಲೆಯಲ್ಲಿ ಎತ್ತರದ ಸ್ಟ್ಯಾಂಡ್ ಫ್ಯಾನು ಇಟ್ಟಿದ್ದರು. ಮೇಡಂ ಒಳಗೆ ಬಂದ ಕೂಡಲೇ ಮೊದಲು ಅದರ ಮುಖವನ್ನು ಹುಡುಗರ ಕಡೆ ತಿರುಗಿಸಿ ಆಮೇಲೆ ಹಾಜರಿ ಕರೆಯುತ್ತಿದ್ದರು. ಎಂಥ ಕರುಣೆ, ತಾವು ಬೆವರಿದರೂ ನಮಗೆ ಗಾಳಿ ಬಿಡ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಮರುದಿನ ಸೂಜಿ ಬರುವಷ್ಟರಲ್ಲಿ ಕಪ್ತಾನ ಆ ಫ್ಯಾನನ್ನು ಮೇಡಂ ಮೇಜಿನ ಹತ್ತಿರಕ್ಕೇ ಎಳೆದು ತಂದು, ಮುಖವನ್ನು ಕುರ್ಚಿಯ ಕಡೆ ತಿರುಗಿಸಿ, ಕತ್ತನ್ನು ಹಗ್ಗದಿಂದ ಬಿಗಿದಿದ್ದ. ಸ್ವಿಚ್ಚಿನ ಪಕ್ಕ ಒಬ್ಬ ಕಾವಲು. ಸೂಜಿಯನ್ನು ನೋಡಿ ಕಪ್ತಾನ ಕಣ್ಣು ಹೊಡೆದ.

ಸೂಜಿಗೆ ಎಲ್ಲ ಒಂದೇ ಏಟಿಗೆ ಅರ್ಥವಾಯಿತು. ಸ್ಟಾಫ್ ರೂಮು ವರಾಂಡದ ಆಚೆ ತುದಿಯಲ್ಲಿತ್ತು. ಓಡಿ ಹೋಗಿ, ಇವತ್ತು ಬರಬೇಡಿ ಮೇಡಂ ಎಂದರೆ ಸಾಕಿತ್ತು. ಎದ್ದು ಬಾಗಿಲ ತನಕ ಹೋದಳು ಕೂಡ.

"ಎಲ್ಲಿಗೆ ಹೋಗ್ತೀಯೇ?" ಅಂದಳು ಮಹಾರಾಣಿ. "ಕೂತ್ಕೋ, ಇವತ್ತು ನಿಂದೇ ಸಿನಿಮಾ."

ಎಲ್ಲರೂ ಅವಳನ್ನೇ ನೋಡಿದರು. ಅವಳು ಹಿಂದೆ ಬಂದು ಕೂತಳು. ಕ್ಯಾಂಟೀನಿನಲ್ಲಿ ನಾಲಿಗೆ ಜಾರಿತು ಎನ್ನೋಣ. ಇಲ್ಲಿ ಜಾರಿದ್ದು ಏನು? ಕಾಲು ಗಟ್ಟಿಯಾಗಿಯೇ ಇತ್ತು. ನಡೆಯಬಹುದಿತ್ತು.

ಮೇಡಂ ಬಂದರು. ಫ್ಯಾನು ಜಾಗ ಬದಲಿಸಿದ್ದು ಕಂಡು ಒಂದು ಕ್ಷಣ ನಿಂತರು. ತಿರುಗುತ್ತಿಲ್ಲವಲ್ಲ ಎಂದುಕೊಂಡರೋ ಏನೋ, ಮೇಜಿನ ಮೇಲೆ ಹಾಜರಿ ಪುಸ್ತಕ ಬಿಚ್ಚಿ ತಲೆ ಬಗ್ಗಿಸಿದರು. ಸ್ವಿಚ್ಚು ಟಕ್ ಎಂದಿತು. ಫ್ಯಾನು ಗೊರ್ರೆಂದು ಪೂರ್ತಿ ವೇಗದಲ್ಲಿ ಅವರ ತಲೆಯ ಮೇಲೆ ಬೀಸಿತು. ಹಾಳೆಗಳು ಹಾರಿ ಗೋಡೆಗೆ ಬಡಿದವು. ಮೇಡಂ ಕೈ ಮೇಲೆದ್ದು ತಲೆಯ ಹತ್ತಿರ ಹೋಗಿ, ಅಲ್ಲಿಂದ ಹಾಗೇ ಕೆಳಗಿಳಿಯಿತು. ಸೂಜಿ ಎರಡೂ ಕೈಗಳಲ್ಲಿ ಬೆಂಚು ಹಿಡಿದುಕೊಂಡು, ಟೇಪು ಹಿಡಿಯಲಿ, ಟೇಪು ಹಿಡಿಯಲಿ ಎಂದು ಬೇಡಿಕೊಳ್ಳುತ್ತಿದ್ದಳು. ಭಾನುವಾರ ಹಣೆಯ ಅಂಚಿಗೆ ಒತ್ತಿದ್ದು, ಕಿವಿಯ ಹಿಂದೆ ಒತ್ತಿದ್ದು ಎಲ್ಲ ಬೆರಳಿಗೆ ನೆನಪಾಯಿತು.

ಹಿಡಿಯಿತು. ಕೂದಲು ಕೊಂಕಲಿಲ್ಲ ಅನ್ನುತ್ತಾರಲ್ಲ, ಹಾಗೆ. ಎಳೆಗಳು ಹಾರಾಡಿದವು, ಎಲ್ಲರ ಕೂದಲೂ ಹಾರಾಡುವ ಹಾಗೆ. ಬುಡ ಅಲುಗಲಿಲ್ಲ.

ಮೇಡಂ ತಲೆಯೆತ್ತಿ ಮೊದಲು ಹಗ್ಗ ನೋಡಿದರು. ಆಮೇಲೆ ಕ್ಲಾಸನ್ನು ನೋಡಿದರು. ಅಷ್ಟೂ ಜನ ಬಾಯಿ ತೆರೆದುಕೊಂಡು ಅವರ ನೆತ್ತಿಯನ್ನೇ ನೋಡುತ್ತಿದ್ದರು. ಒಬ್ಬಳು ಮಾತ್ರ ತನ್ನ ಮುಂದಿನ ಮೇಜು ನೋಡುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎಂದು ಕರೆಯಲೂ ಇಲ್ಲ. ಮೇಡಂ ಅವಳ ಬಗ್ಗಿದ ತಲೆಯನ್ನು ಸ್ವಲ್ಪ ಹೊತ್ತು ನೋಡಿದ್ದು ಸೂಜಿಗೆ ತಲೆ ಎತ್ತದೆಯೇ ಗೊತ್ತಾಯಿತು. ಅವರು ತಾವೇ ಹೋಗಿ ಸ್ವಿಚ್ಚು ಆರಿಸಿ, ಹಾಳೆಗಳನ್ನು ಆಯ್ದು ಜೋಡಿಸಿ, ಹಾಜರಿ ಕರೆದರು. ಸೂಜಿಯ ಹೆಸರು ಬಂದಾಗಲೂ ಧ್ವನಿ ಬದಲಾಗಲಿಲ್ಲ. ಪಾಠ ಕೊನೆಯ ತನಕ ನಡೆಯಿತು.

ಅವರು ಹೊರಗೆ ಹೋದದ್ದೇ ತಡ, ಎಲ್ಲರೂ ಸೂಜಿಯ ಮೇಲೆ ಬಿದ್ದರು.

"ಏನೇ, ಬೊಗಳೆ ಬಿಟ್ಯಾ ನಮ್ ಹತ್ರ?" ಅಂದಳು ಮಹಾರಾಣಿ.

"ಸುಮ್ನೆ ನಮ್ಮನ್ನ ಸಿಗಿಸಿದ್ಯಲ್ಲೇ, ಪ್ರಿನ್ಸಿಪಾಲ್ ಹತ್ರ ಹೋದ್ರೆ?" ಅಂದ ಕಪ್ತಾನ.

ಸೂಜಿ ಎದ್ದು ನಿಂತಳು. "ಹೂಂ. ಸುಳ್ಳೇ ಹೇಳಿದ್ದು. ಅದು ಅವರದ್ದೇ ಕೂದಲು. ನಾನು ಕಟ್ಟಿದ್ದು ಕಥೆ."

"ಥೂ, ಪೊರಕೆ!" ಅಂದಳು ಮಹಾರಾಣಿ. ಆ ಹೆಸರು ಮುಂದೆ ಡಿಗ್ರಿ ಮುಗಿಯುವ ತನಕ ಅವಳ ಹಿಂದೆಯೇ ಬಂತು. ಅಂದು ಮಾತ್ರ ಸೂಜಿಗೆ ಅದು ಹಾಯೆನಿಸಿತು. ತಪ್ಪಿಗೆ ದಂಡ ಕಟ್ಟಿದೆ, ಇನ್ನು ಸರಿಹೋಯಿತು ಅಂದುಕೊಂಡಳು. ಬೆಂಕಿ ಹಚ್ಚಿದವಳು ಒಂದು ಚೊಂಬು ನೀರು ಸುರಿದು, ನಾನೇ ಆರಿಸಿದೆ ಎಂದುಕೊಂಡ ಹಾಗೆ. ಅಷ್ಟು ಸುಲಭವಾಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಶನಿವಾರ ಬಂತು. ಲ್ಯಾಬಿಗೆ ಬೀಗ ಹಾಕಿರುತ್ತಾರೆ ಎಂದುಕೊಂಡೇ ಹೋದಳು. ಹಾಕಿದ್ದರೆ ಒಳ್ಳೆಯದು ಎಂದೂ ಅನಿಸಿತ್ತು. ಅವರು ಬೈದು ಅಟ್ಟಿಬಿಟ್ಟರೆ, ವರ್ಷ ಹಾಳಾದರೆ, ಎರಡೂ ಕಡೆ ಸಮವಾಗುತ್ತದೆ. ಲ್ಯಾಬು ತೆರೆದಿತ್ತು. ಬ್ಯೂರೆಟ್ ತೊಳೆದು ಸ್ಟ್ಯಾಂಡಿಗೆ ಸಿಕ್ಕಿಸಿದ್ದರು. ಬಾಟಲಿಗಳಿಗೆ ಚೀಟಿ ಅಂಟಿಸಿ ಸಾಲಾಗಿ ಇಟ್ಟಿದ್ದರು. ಮೇಡಂ ಸ್ಟೂಲಿನ ಮೇಲೆ ಪೇಪರ್ ತಿದ್ದುತ್ತ ಕೂತಿದ್ದರು.

"ಇದು ಕೊನೇದು. ಇವತ್ತು ಮುಗಿಸಿದ್ರೆ ನಿನ್ನ ಪ್ರಾಕ್ಟಿಕಲ್ಸ್ ಎಲ್ಲ ಆದ ಹಾಗೆ" ಅಂದರು.

ಸೂಜಿ ಬ್ಯೂರೆಟ್ ಹಿಡಿದಳು. "ಮೇಡಂ, ಅವತ್ತು ಕ್ಲಾಸಲ್ಲಿ..." ಎಂದು ಶುರು ಮಾಡಿದಳು.

"ಬಣ್ಣ ನೋಡು. ಜಾಸ್ತಿ ಆಗ್ತಾ ಇದೆ."

ಫ್ಲಾಸ್ಕಿನ ನೀರು ಕಡುಗುಲಾಬಿಯಾಗಿ ಕೆಟ್ಟಿತ್ತು. ಚೆಲ್ಲಿ ಮತ್ತೆ ಮಾಡಿದಳು. ಮತ್ತೆ ಬಾಯಿ ತೆರೆದಳು. ಮೇಡಂ ತಲೆ ಎತ್ತದೆ, "ರೀಡಿಂಗ್ ಎಷ್ಟು ಬಂತು?" ಅಂದರು. ಹೇಳಿದಳು. ಸರಿಯಾಗಿತ್ತು. ಮೇಡಂ ಸಹಿ ಹಾಕಿ, ಕಿಟಕಿ ಮುಚ್ಚಿ, ಬೀಗದ ಕೈ ತೆಗೆದುಕೊಂಡರು. ಒಂದು ಕಟು ಮಾತಿಲ್ಲ. ಸೂಜಿ ಆ ಮಧ್ಯಾಹ್ನ ದಾರಿಯುದ್ದಕ್ಕೂ ಅತ್ತುಕೊಂಡು ಮನೆಗೆ ಬಂದಳು.

ಭಾನುವಾರ ಬೆಳಿಗ್ಗೆ ಅವಳು ಚಿಕ್ಕಮ್ಮನಿಗಿಂತ ಮೊದಲೇ ಎದ್ದು ಕೆಳಗೆ ಬಂದಳು. ಪರದೆಯ ಹಿಂದಿನ ಕುರ್ಚಿಯನ್ನು ಒರೆಸಿದಳು. ಒಗೆದ ಬಟ್ಟೆ ಹಾಸಿದಳು. ನೀರು ಬೆಚ್ಚಗೆ ಮಾಡಿದಳು, ಟೇಪು ಕತ್ತರಿಸಿಟ್ಟಳು, ಕೈಗಳನ್ನು ಉಜ್ಜಿ ಉಜ್ಜಿ ಬಿಸಿ ಮಾಡಿಕೊಂಡಳು. ಇವತ್ತು ಪರದೆಯ ಒಳಗೆ, ಅವರು ಕಣ್ಣು ಮುಚ್ಚಿಕೊಂಡಿರುವಾಗ ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿದ್ದಳು. ನಾನೇ ಹೇಳಿದ್ದು ಮೇಡಂ, ನಿಮ್ಮ ಹಾಗೆ ಕೂತು ತೋರಿಸಿ ನಗಿಸಿದ್ದೂ ನಾನೇ, ಫ್ಯಾನು ನೋಡಿಯೂ ಸುಮ್ಮನೆ ಕೂತವಳೂ ನಾನೇ. ಒಂದನ್ನೂ ಬಿಡಬಾರದು.

ಮೇಡಂ ಬಂದರು. ಚಪ್ಪಲಿ ಬಿಟ್ಟು, ಚೀಲವನ್ನು ಮೊಳೆಗೆ ಸಿಕ್ಕಿಸಿದರು. ಸೂಜಿ ಪರದೆ ಎತ್ತಿ ಹಿಡಿದಳು. ಅವರು ಅವಳನ್ನು ದಾಟಿ ಒಳಗೆ ಹೋಗಿ ಕೂತು, ಚಿಕ್ಕಮ್ಮನನ್ನು ಕರೆದರು.

"ಇವತ್ತಿನಿಂದ ನೀವೇ ಮಾಡಿ. ಅವಳು ಓದ್ಕೊಳ್ಲಿ, ಪರೀಕ್ಷೆ ಹತ್ರ ಬಂತು."

ಚಿಕ್ಕಮ್ಮನಿಗೆ ಏನೂ ಗೊತ್ತಿರಲಿಲ್ಲ, ಪಾಪ. ಅವಳ ಮುಖ ಅರಳಿತು. "ನೋಡೇ ಸೂಜಿ, ಎಂಥ ಟೀಚರು ಸಿಕ್ಕಿದಾರೆ ನಿಂಗೆ! ಹೋಗು, ಪುಸ್ತಕ ಹಿಡಿ" ಎಂದು ಅವಳ ಕೈಯಿಂದ ಟೇಪು ತೆಗೆದುಕೊಂಡು ಪರದೆ ಎಳೆದಳು.

ಸೂಜಿ ಮುಂದಿನ ಕುರ್ಚಿಯಲ್ಲಿ ಕೆಮಿಸ್ಟ್ರಿ ಪುಸ್ತಕ ತೆರೆದು ಕೂತಳು. ಒಳಗೆ ನೀರಿನ ಸದ್ದು, ಬಟ್ಟೆ ಹಿಂಡುವ ಸದ್ದು. ಚಿಕ್ಕಮ್ಮ ಸುಮ್ಮನಿರುವ ಪೈಕಿಯಲ್ಲ. "ನನ್ನ ಕೈ ಅವಳಷ್ಟು ಹಗುರ ಇಲ್ಲ ಮೇಡಂ, ಮೊದಲೇ ಹೇಳಿಬಿಡ್ತೀನಿ" ಅಂದಳು.

"ಹೌದು, ಅವಳ ಕೆಲಸ ಚೆನ್ನಾಗಿದೆ" ಅಂದರು ಮೇಡಂ. "ಹೋದ ವಾರ ಹಾಕಿದ್ದು ಎಷ್ಟು ಜೋರು ಗಾಳಿ ಬೀಸಿದ್ರೂ ಅಲ್ಲಾಡ್ಲಿಲ್ಲ."

"ಮತ್ತೆ! ಹಾಗಾದ್ರೆ ಅವಳನ್ನೇ ಕರೀಲಾ? ಓದೋದು ಇದ್ದಿದ್ದೇ, ಐದು ನಿಮಿಷದ ಕೆಲಸ."

ಸೂಜಿ ಪುಸ್ತಕ ಮುಚ್ಚಿ, ಅರ್ಧ ಎದ್ದು ನಿಂತಳು.

"ಬೇಡ" ಅಂದರು ಮೇಡಂ. "ಅವಳು ಮಾಡಿದ್ರೆ ಇನ್ಮೇಲೆ ನಂಗೆ ಕಣ್ಣು ಮುಚ್ಚಿಕೊಂಡು ಕೂರೋಕಾಗಲ್ಲ."